ಮನೆಗೆಲ್ಲ ಒಂದೇ ಪಾಸ್‌ವರ್ಡು

ನಿಡಘಟ್ಟ
3 ಏಪ್ರಿಲ್ 2025

ಅಣ್ಣನಿಗೆ,

ಇಲ್ಲಿ ನಾವು ಚೆನ್ನಾಗಿಲ್ಲ. ನೀನು ಚೆನ್ನಾಗೇ ಇರ್ತೀಯ. ಬೆಂಕಿ ಹಚ್ಚಿ ಅಷ್ಟು ದೂರ ಯಾದಗಿರೀಲಿ ಕೂತವರಿಗೆ ಹೊಗೆ ತಾಕೋದಿಲ್ಲ.

ಫೋನ್ ಇಟ್ಕೊಂಡು ಇವಳ್ಯಾಕೆ ಕಾಗದ ಬರೀತಾಳೆ ಅಂತೀಯ. ಫೋನಲ್ಲಿ ನೀನು ನನ್ನ ಮಾತು ಮುಗಿಸೋಕೆ ಬಿಡಲ್ಲ, ಮಧ್ಯದಲ್ಲೇ ಕಸ್ಟಮರ್ ಬಂದ್ರು ಕಣಮ್ಮ ಅಂತ ಇಟ್ಟುಬಿಡ್ತೀಯ. ಮೇಲ್ ಮಾಡೋಣ ಅಂದ್ರೆ ನಮ್ಮ ಮನೆಗೆಲ್ಲ ಇರೋದು ಒಂದೇ ಮೇಲ್. ನಾನು ನಿನಗೆ ಬರೆದ್ರೆ ಅದು ನಮ್ಮನೆಯಿಂದ ಹೊರಟು ನಮ್ಮನೆಗೇ ಬಂದು ಬೀಳುತ್ತೆ, ಅಪ್ಪನ ಫೋನಲ್ಲಿ ಟಣ್ ಅನ್ನುತ್ತೆ. ಅದಕ್ಕೇ ಮದ್ದೂರು ಪೋಸ್ಟಾಫೀಸಿಗೆ ಹೋಗಿ ಲಕೋಟೆ ತಂದೆ. ಲಕೋಟೆ ಕೊಟ್ಟ ಹೆಂಗಸು ಇಂಟರ್‌ವ್ಯೂಗಾ ಅಂತ ಕೇಳಿದ್ಲು. ಇಲ್ಲ ಜಗಳಕ್ಕೆ ಅಂದೆ.

ಸೋಮವಾರ ಹೊಸತೊಡಕು. ಒಲೆ ಮೇಲೆ ಮಟನ್ ಸಾರು, ಅವ್ವ ಮುದ್ದೆ ತೊಳಸ್ತಿದ್ದಳು. ಅಪ್ಪನ ಫೋನಿಗೆ ನಿನ್ನ ಕರೆ ಬಂತು. ಯುಗಾದಿಗೆ ಬರಲಿಲ್ಲ, ಮಾರನೆ ದಿನ ಮಾತಾದರೂ ಆಡಲಿ ಅಂತ ನಾನೇ ಖುಷಿಪಟ್ಟೆ. ಅಪ್ಪ ಫೋನ್ ಹಿಡ್ಕೊಂಡು ಜಗಲಿಗೆ ಹೋದರು. ವಾಪಸ್ ಬಂದಾಗ ಅವರ ಮುಖ ನೋಡಿ ನಿನಗೇನೋ ಆಗಿಹೋಯ್ತು ಅಂದ್ಕೊಂಡೆ. ಅವರು ನನ್ನ ಕಡೆ ನೋಡದೆ ಗೋಡೆ ನೋಡ್ಕೊಂಡು ಹೇಳಿದರು: "ಗುಜರಾತಿಗೂ ಇಲ್ಲ, ಎಲ್ಲಿಗೂ ಇಲ್ಲ. ನೀನು ಎಲ್ಲಿಗೂ ಓಗೋದು ಬ್ಯಾಡ."

ಯಾಕೆ ಅಂದ್ರೆ, ರವಿ ಎಲ್ಲ ಏಳವ್ನೆ ಅಂದರು. ಅಷ್ಟೇ.

ಏನು ಹೇಳಿದೆ ಅಣ್ಣ ನೀನು? ಲ್ಯಾಪ್‌ಟಾಪಲ್ಲಿ ನಾನು ಏನೇನೋ ಹುಡುಕಿದೀನಿ, ಯಾರ ಜೊತೆಗೋ ಓಡಿಹೋಗೋಕೆ ದಾರಿ ನೋಡ್ತಿದೀನಿ, ಅದೆಲ್ಲ ನಿನ್ನ ಫೋನಿಗೆ ಬಂದು ಬಿದ್ದಿದೆ ಅಂತ. ಇಷ್ಟನ್ನೂ ಅಪ್ಪನ ಬಾಯಿಂದ ಬಿಡಿಸೋಕೆ ನನಗೆ ಎರಡು ದಿನ ಹಿಡೀತು.

ನನಗೆ ಮೂವತ್ತೊಂದು ವರ್ಷ. ಗೆಜ್ಜಲಗೆರೆ ಫ್ಯಾಕ್ಟರಿ ಲ್ಯಾಬಲ್ಲಿ ಏಳು ವರ್ಷದಿಂದ ತಿಂಡಿ ಸ್ಯಾಂಪಲ್ ಪರೀಕ್ಷೆ ಮಾಡ್ತಿದೀನಿ. ಇಡೀ ಲ್ಯಾಬಿಂದ ಇಬ್ಬರನ್ನ ಗುಜರಾತಿನ ಮೆಹ್ಸಾಣದ ತರಬೇತಿಗೆ ಆರಿಸಿದಾರೆ, ಅದರಲ್ಲಿ ನಾನೊಬ್ಬಳು. ಮೂರು ತಿಂಗಳು. ಮುಗಿಸಿ ಬಂದರೆ ಲ್ಯಾಬಿನ ಸೀನಿಯರ್ ಕೆಲಸ. ಇಂಥ ಅವಕಾಶ ಇನ್ನೊಂದು ಸಲ ಬರಲ್ಲ. ಒಪ್ಪಿಗೆ ಕಾಗದ ಇದೇ ಮೂವತ್ತಕ್ಕೆ ಕೊಡಬೇಕು. ಅಪ್ಪ ಮಾರ್ಚಲ್ಲಿ ನೋಡೋಣ ಅಂದಿದ್ರು. ನೀನು ಐದು ನಿಮಿಷ ಮಾತಾಡಿ ಅದನ್ನ ಮುಗಿಸಿಬಿಟ್ಟೆ.

ಒಂದು ವಿಷಯ ತಿಳ್ಕೊ. ನೀನು ಹಾಕಿಕೊಟ್ಟ ಕ್ರೋಮನ್ನ ನಾನು ಮುಟ್ಟಿ ಎರಡು ವರ್ಷ ಆಯ್ತು. ಲ್ಯಾಪ್‌ಟಾಪ್ ತೆಗೆದರೆ ಅದು ತಾನಾಗೇ ಬಾಯಿ ಬಿಡುತ್ತೆ, ನಾನು ಮುಚ್ಚಿ ನನ್ನ ಫೈರ್‌ಫಾಕ್ಸ್ ತೆಗೀತೀನಿ. ನಾನು ಮುಚ್ಚಿದ ತಕ್ಷಣ ಎಲ್ಲ ಮರೀಬೇಕು ಅಂತ ಅದಕ್ಕೆ ಹೇಳಿಟ್ಟಿದೀನಿ, ಮರೆಯುತ್ತೆ. ನಿನ್ನ ಫೋನಲ್ಲಿ ಬಂದಿರೋದು ಯಾರದ್ದೋ, ನನ್ನದಲ್ಲ.

ಅಪ್ಪನಿಗೆ ಫೋನ್ ಮಾಡಿ ನಂದು ತಪ್ಪಾಯ್ತು ಅನ್ನು. ನನಗೆ ಬೇರೇನೂ ಬೇಡ.

ವನಜಾ


ಯಾದಗಿರಿ
9 ಏಪ್ರಿಲ್ 2025

ತಂಗಿ ವನಜಾಳಿಗೆ,

ನಿನ್ನ ಪತ್ರ ಬ್ಯಾಂಕಿನ ವಿಳಾಸಕ್ಕೆ ಬಂತು. ಮ್ಯಾನೇಜರ್ ಎದುರಿಗೇ ಒಡೆದು ಮೊದಲ ಸಾಲು ಓದಿ, ಮಡಚಿ ಜೇಬಿಗಿಟ್ಟುಕೊಂಡೆ. ಮನೆಗೆ ಬಂದು ಪೂರ್ತಿ ಓದಿದೆ. ಅಣ್ಣನಿಗೆ ಬರೆಯುವ ಪತ್ರವೇನಮ್ಮ ಇದು?

ನಾನು ನಿನ್ನ ಮೇಲೆ ಪತ್ತೇದಾರಿಕೆ ಮಾಡಿಲ್ಲ. ಎಲ್ಲರಿಗೂ ಅನುಕೂಲವಾಗಲಿ ಅಂತ ಒಂದೇ ಮೇಲ್ ಮಾಡಿಕೊಟ್ಟೆ. ಮನೆಗೊಂದು ರೇಷನ್ ಕಾರ್ಡ್ ಇರುವ ಹಾಗೆ. ಅಪ್ಪನ ಪೆನ್ಶನ್ ಕಾಗದ, ನಿನ್ನ ಮಾರ್ಕ್ಸ್ ಕಾರ್ಡು, ಕರೆಂಟ್ ಬಿಲ್ಲು ಎಲ್ಲ ಒಂದು ಕಡೆ ಇರುತ್ತೆ, ಪಾಸ್‌ವರ್ಡ್ ಒಂದೇ, ಯಾರು ಮರೆತರೂ ನನ್ನ ಹತ್ತಿರ ಇರುತ್ತೆ. ಕ್ರೋಮ್ ಯಾಕೆ ಹಾಕಿದೆ ಅಂದರೆ ಅದು ಬೇಗ ತೆರೆಯುತ್ತೆ, ಬ್ಯಾಂಕಿನ ಪುಟವಾಗಲಿ ಸರ್ಕಾರಿ ಅರ್ಜಿಯಾಗಲಿ ಅದರಲ್ಲಿ ಕೈಕೊಡುವುದಿಲ್ಲ, ಅಲ್ಲಿ ಇಟ್ಟದ್ದು ಇಲ್ಲಿ ಸಿಗುತ್ತೆ. ಕಳೆದ ವರ್ಷ ಅಪ್ಪನ ಜೀವಂತ ಪ್ರಮಾಣಪತ್ರ ಕಳೆದುಹೋದಾಗ ಇಲ್ಲಿಂದಲೇ ಹುಡುಕಿ ಕಳಿಸಿದವನು ಯಾರು? ನಿನ್ನ ಫೈರ್‌ಫಾಕ್ಸಾ?

ಅದು ಎಲ್ಲ ಮರೆಯುತ್ತೆ ಅಂತ ಹೆಮ್ಮೆಯಿಂದ ಬರೆದಿದ್ದೀಯ. ಮರೆಸಬೇಕಾದ್ದು ಏನಿದೆ ನಿನಗೆ? ಮನೆಯವರಿಂದ ಮುಚ್ಚಿಡುವವರಿಗೆ ಮಾತ್ರ ಅಂಥದ್ದು ಬೇಕು.

ನನ್ನ ಫೋನಿನಲ್ಲಿ ಏನಾದರೂ ಹುಡುಕಲು ಹೋದರೆ ಮೊದಲು ಹುಡುಕಿದ್ದೆಲ್ಲ ತಾನಾಗಿ ಕೆಳಗೆ ಇಳಿದು ಬರುತ್ತೆ. ನಾನು ಬೇಕಂತ ನೋಡಲಿಲ್ಲ, ಕಣ್ಣಿಗೆ ಬಿತ್ತು. ಹೆಣ್ಣುಮಗಳು ಒಬ್ಬಳೇ ಗುಜರಾತಿಗೆ ರೈಲಲ್ಲಿ ಹೋಗಬಹುದಾ ಅಂತ ಒಂದು. ಸರಿ, ತರಬೇತಿಗೆ ಅಂದುಕೊಂಡೆ. ಅದರ ಕೆಳಗೆ ಗುಜರಾತಿನ ಗಂಡಸರು ಎಂಥವರು ಅಂತ ಇತ್ತು. ಅದರ ಕೆಳಗೆ, ಅಪ್ಪ ಬೇಡ ಅಂದರೆ ಮಗಳು ಏನು ಮಾಡಬೇಕು. ಕೊನೆಗೆ, ಮದುವೆ ಆಗದ ಹೆಂಗಸು ಮನೆ ಬಿಟ್ಟು ಹೋದರೆ ಪೊಲೀಸರು ಹಿಡಿಯುತ್ತಾರಾ. ಇದನ್ನು ಓದಿದ ಅಣ್ಣ ಏನು ಮಾಡಬೇಕಿತ್ತು ಹೇಳು. ನಿನ್ನನ್ನೇ ಕೇಳಬಹುದಿತ್ತು, ಒಪ್ಪುತ್ತೇನೆ. ಕೇಳಿದ್ದರೆ ನೀನು ಹೇಳುತ್ತಿದ್ದೆಯಾ?

ಅಲ್ಲಿ ಯಾರಾದರೂ ಇದ್ದರೆ ಹೇಳಮ್ಮ, ನಾನು ಬಯ್ಯೋದಿಲ್ಲ. ಕೂತು ಮಾತಾಡೋಣ. ಇಲ್ಲದಿದ್ದರೆ ಈ ಮಾತುಗಳು ಎಲ್ಲಿಂದ ಬಂದವು?

ನಿನ್ನ ಅತ್ತಿಗೆ ಸುನಿತಾ ನಿನ್ನನ್ನು ಕೇಳಿದಳು. ಇಲ್ಲಿ ಬಿಸಿಲು ವಿಪರೀತ.

ರವಿಚಂದ್ರ


ನಿಡಘಟ್ಟ
15 ಏಪ್ರಿಲ್ 2025

ಅಣ್ಣನಿಗೆ,

ಬಾಗಿಲು ಹಾಕ್ಕೊಂಡು ಸೀರೆ ಉಟ್ಟುಕೊಳ್ಳೋದು ಕಳ್ಳತನ ಅಲ್ಲ. ಮರೆಸಬೇಕಾದ್ದು ಏನಿದೆ ಅಂತ ಕೇಳಿದೆಯಲ್ಲ, ಹೇಳ್ತೀನಿ ಕೇಳು. ಯಾರಿಗೂ ಹೇಳಿರಲಿಲ್ಲ.

ಎರಡು ವರ್ಷದ ಹಿಂದೆ ನನಗೆ ತಿಂಗಳ ಮುಟ್ಟು ನಿಲ್ಲದೆ ಹನ್ನೆರಡು ದಿನ ಹೋಗ್ತಿತ್ತು. ಮಂಡ್ಯದಲ್ಲಿ ಯಾವ ಡಾಕ್ಟರಮ್ಮ ಒಳ್ಳೆಯವರು ಅಂತ ನಿನ್ನ ಕ್ರೋಮಲ್ಲಿ ಹುಡುಕಿದೆ. ಭಾನುವಾರ ಅಪ್ಪ, ಅವರ ಹಳೇ ಲೈನ್‌ಮನ್ ಜೊತೆಗಾರ ಚಿಕ್ಕಣ್ಣ ಮಾವ, ಇಬ್ಬರೂ ಹಾಲಲ್ಲಿ ಕೂತು ಲ್ಯಾಪ್‌ಟಾಪಲ್ಲಿ ಕಬಡ್ಡಿ ನೋಡ್ತಿದ್ದರು. ನಡುವೆ ಜಾಹೀರಾತು ಬಂತು. ಗರ್ಭಕೋಶದ ತೊಂದರೆಯೇ, ಅತಿ ಸ್ರಾವವೇ, ಇಂದೇ ಬನ್ನಿ. ಒಂದು ಸಲ ಅಲ್ಲ, ಮೂರು ಸಲ. ಚಿಕ್ಕಣ್ಣ ಮಾವ "ಯಾರಿಗ್ಲಾ ಮರಿಸಿದ್ದಯ್ಯ, ಉಸಾರಿಲ್ವಾ?" ಅಂತ ಕೇಳಿದರು. ಅಪ್ಪ ಲ್ಯಾಪ್‌ಟಾಪ್ ಮುಚ್ಚಿ ಎದ್ದು ಹೋದರು. ನಾನು ಕಾಫಿ ಲೋಟ ಹಿಡ್ಕೊಂಡು ಬಾಗಿಲಲ್ಲಿ ನಿಂತಿದ್ದೆ. ಮಾರನೆ ವಾರ ಅತ್ತಿಗೆ ಯಾದಗಿರಿಯಿಂದ ಫೋನ್ ಮಾಡಿ, ಏನಾದ್ರೂ ತೊಂದ್ರೇನಾ ವನಜಾ ಅಂದ್ರು. ಪ್ರೀತಿಗೇ ಕೇಳಿದ್ರು, ಗೊತ್ತು. ನನ್ನ ಹೊಟ್ಟೆನೋವು ನಾನು ಹೇಳೋಕೆ ಮುಂಚೆ ಮೂರು ಜನಕ್ಕೆ ಗೊತ್ತಾಗಿತ್ತು.

ಅವತ್ತೇ ಫೈರ್‌ಫಾಕ್ಸ್ ಹಾಕ್ಕೊಂಡೆ. ಮಂಡ್ಯದಲ್ಲಿ ಓದುವಾಗ ಕಾಲೇಜು ಲ್ಯಾಬಲ್ಲಿ ಅದೇ ಇತ್ತು, ಕೈ ಗೊತ್ತಿತ್ತು. ನಿಧಾನ ಅಂತೀಯ, ಹೌದು, ಒಂದೊಂದು ಅರ್ಜಿ ಅದರಲ್ಲಿ ತೆಗೆಯೋದೇ ಇಲ್ಲ, ನಾನೂ ಬಯ್ಕೊಂಡಿದೀನಿ. ಫ್ಯಾಕ್ಟರೀಲಿ ಎಡ್ಜ್ ಕೊಟ್ಟಿದಾರೆ, ಅದು ಅವರದ್ದು, ಅದರಲ್ಲಿ ಸ್ಯಾಂಪಲ್ ನಂಬರ್ ಬಿಟ್ಟು ಬೇರೆ ಹೊಡೆಯಲ್ಲ. ನಿನ್ನ ಕ್ರೋಮ್ ಚುರುಕು, ಯಾರು ಇಲ್ಲ ಅಂದ್ರು? ಚಾಡಿ ಹೇಳೋಕೂ ಅಷ್ಟೇ ಚುರುಕು. ನನಗೆ ನಿಧಾನವಾದ್ರೂ ಬಾಯಿ ಮುಚ್ಕೊಂಡಿರೋದು ಸಾಕು.

ಇನ್ನು ನಿನ್ನೆಯ ಕಥೆ. ಏಪ್ರಿಲ್ ಹದಿನಾಲ್ಕು, ಬಾಬಾಸಾಹೇಬರ ಜಯಂತಿ. ಊರಲ್ಲಿ ಶಾಮಿಯಾನ ಹಾಕಿದ್ದರು. ಅಪ್ಪನದೇ ಮುಖ್ಯ ಭಾಷಣ. ಬಿಳಿ ಅಂಗಿ ಇಸ್ತ್ರಿ ಮಾಡಿಕೊಟ್ಟವಳು ನಾನು. ಅರ್ಧ ಗಂಟೆ ಮಾತಾಡಿದರು ಅಣ್ಣ, ಹೆಣ್ಣುಮಕ್ಕಳ ವಿದ್ಯೆ ಬಗ್ಗೆ. ಹೆಣ್ಣು ಹೊಸಿಲು ದಾಟದೆ ಸಮಾಜ ದಾಟಲ್ಲ ಅಂದರು. ಜನ ಚಪ್ಪಾಳೆ ಹೊಡೆದರು, ಅವ್ವ ಮುಂದಿನ ಸಾಲಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ಹೊಡೆದಳು. ಮನೆಗೆ ಬಂದು ಗೋಡೆ ಮೇಲಿನ ಬಾಬಾಸಾಹೇಬರ ಫೋಟೋ ಕೆಳಗೆ ಕೂತು ಅಪ್ಪ ಪಾಯಸ ಕುಡಿದರು. ಮೆಹ್ಸಾಣದ ವಿಷಯ ಎತ್ತಿದೆ. ಆಗ್ಲೇ ಏಳಿದ್ದೀನಲ್ಲ ಅಂದರು. ನನಗೆ ಮೈಯೆಲ್ಲ ಉರಿದುಹೋಯ್ತು.

ಆ ನಾಲ್ಕು ಸಾಲು ನಾನು ಕೇಳಿದ್ದಲ್ಲ. ನನಗೆ ಯಾರೂ ಇಲ್ಲ, ಇದ್ದಿದ್ರೆ ನಿನ್ನ ಅಪ್ಪಣೆಗೆ ಕಾಯ್ತಿರಲಿಲ್ಲ. ಅದೇ ಮೇಲ್ ಅತ್ತಿಗೆ ಫೋನಲ್ಲೂ ಇದೆ ಅಲ್ವಾ? ಅವರನ್ನ ಕೇಳಿದೆಯಾ? ನಿಮ್ಮ ಮನೇಲಿ ಯಾರು ಯಾರನ್ನ ಬಿಟ್ಟು ಹೋಗೋಕೆ ನೋಡ್ತಿದಾರೋ ಮೊದಲು ವಿಚಾರಿಸು.

ಇನ್ನು ಹದಿನೈದು ದಿನ ಇದೆ.

ವನಜಾ


ಯಾದಗಿರಿ
20 ಏಪ್ರಿಲ್ 2025

ವನಜಾ,

ನಿನ್ನ ಪತ್ರವನ್ನು ಸುನಿತಾಳೂ ಓದಿದಳು. ನಾನು ಬಚ್ಚಿಡೋಕೆ ಹೋಗಿದ್ದೆ, ಅವಳೇ ಕೇಳಿ ಇಸ್ಕೊಂಡಳು. ಬೆಳಗ್ಗೆ ಒಂಬತ್ತಕ್ಕೆ ಶಾಲೆಗೆ ಹೋಗಿ ನಲವತ್ತು ಮಕ್ಕಳಿಗೆ ಪಾಠ ಹೇಳಿ ಬರುವ ಹೆಂಗಸಿನ ಮೇಲೆ ಇಂಥ ಮಾತು ಬರೆಯೋಕೆ ನಿನಗೆ ಹೇಗೆ ಕೈ ಬಂತು? ಅವಳು ಪತ್ರ ಮಡಚಿಟ್ಟಳು. ಒಳಗೆ ಹೋಗಿ ಪಾತ್ರೆ ತೊಳೆದಳು. ಆಮೇಲೆ ಆಚೆ ಬಂದು, ಅವತ್ತು ಫೋನ್ ಮಾಡಿ ನಾನು ಅವಳನ್ನ ಹಾಗೆ ಕೇಳಬಾರದಿತ್ತು, ಅವಳಿಗೆ ನೋವಾಗಿದೆ ಅಂದಳು, ನನಗೂ ಬೈದಳು. ನಿನ್ನ ಕಾಯಿಲೆ ವಿಷಯ ನನಗೆ ಗೊತ್ತಿರಲಿಲ್ಲ. ಈಗ ಹೇಗಿದ್ದೀಯ ಅಂತ ಕೇಳೋಕೂ ನೀನು ಜಾಗ ಬಿಟ್ಟಿಲ್ಲ.

ನೀನು ನಂಬಲ್ಲ ಅಂತ ಪೂರ್ತಿ ಇಳಿಸಿ ಬರೆದಿದ್ದೇನೆ, ದಿನ ಮತ್ತು ಗಂಟೆ ಸಮೇತ. ಬ್ಯಾಂಕಿನವನ ಕೈ, ಒಂದೂ ಬಿಟ್ಟಿಲ್ಲ. ನೀನೇ ಓದಿ ನೀನೇ ಹೇಳು.

ಮಾರ್ಚ್ 11 ಮಂಗಳವಾರ, ಹತ್ತೂಕಾಲು: ಹೆಣ್ಣುಮಗಳು ಒಬ್ಬಳೇ ಗುಜರಾತಿಗೆ ರೈಲಲ್ಲಿ ಹೋಗಬಹುದಾ. ಅದೇ ದಿನ ಹತ್ತೂವರೆ: ಗುಜರಾತು ಮಳವಳ್ಳಿಯಿಂದ ಎಷ್ಟು ದೂರ. 13 ಗುರುವಾರ, ಹನ್ನೊಂದು ಗಂಟೆ: ಗುಜರಾತಿನ ಗಂಡಸರು ಎಂಥವರು. ಅದರ ಹಿಂದೆಯೇ: ಗುಜರಾತಲ್ಲಿ ಮುದ್ದೆ ಸಿಗುತ್ತಾ. 19 ಬುಧವಾರ, ಹತ್ತೂ ಇಪ್ಪತ್ತು: ಅಪ್ಪ ಬೇಡ ಅಂದರೆ ಮಗಳು ಏನು ಮಾಡಬೇಕು. 25 ಮಂಗಳವಾರ, ಹತ್ತೂಮುಕ್ಕಾಲು: ಮದುವೆ ಆಗದ ಹೆಂಗಸು ಮನೆ ಬಿಟ್ಟು ಹೋದರೆ ಪೊಲೀಸರು ಹಿಡಿಯುತ್ತಾರಾ. ಅದೇ ದಿನ ಹನ್ನೊಂದು: ರಾಗಿ ಹಿಟ್ಟು ಎಷ್ಟು ದಿನ ಹುಳ ಬೀಳದೆ ಇರುತ್ತೆ.

ನಡುವೆ ಗೆರೆ ಎಳೆದು ಹೊಡೆದಿರುವುದೆಲ್ಲ ನಮ್ಮ ಮನೆಯದು, ಯಾದಗಿರಿ ಬಿಸಿಲು ಇವತ್ತು ಎಷ್ಟು ಅನ್ನುವುದು. ಅದು ದಿನಾ ಬೆಳಗ್ಗೆ ಇದೆ, ಸುನಿತಾ ನೋಡಿರಬೇಕು. ಅದನ್ನು ಬಿಟ್ಟು ಉಳಿದದ್ದು ಯಾರದ್ದು ಅಂತ ಹೇಳಿಬಿಡು. ಹೇಳೋವರೆಗೂ ನಾನು ಅಪ್ಪನಿಗೆ ಫೋನ್ ಮಾಡೋದಿಲ್ಲ.

ರವಿಚಂದ್ರ


ನಿಡಘಟ್ಟ
24 ಏಪ್ರಿಲ್ 2025

ಅಣ್ಣ,

ಮೊದಲು ಅತ್ತಿಗೆಗೆ. ತಪ್ಪಾಯ್ತು ಅತ್ತಿಗೆ. ಸಿಟ್ಟಲ್ಲಿ ನಾನೂ ನಿಮ್ಮ ಯಜಮಾನರು ಮಾಡಿದ್ದನ್ನೇ ಮಾಡಿದೆ. ಡಾಕ್ಟರಿಗೆ ತೋರಿಸಿ ಮಾತ್ರೆ ತಗೊಂಡೆ, ಈಗ ಆರಾಮಾಗಿದೀನಿ.

ಈಗ ನಿನಗೆ. ಬ್ಯಾಂಕಲ್ಲಿ ಕೂತು ಜನರ ಸಹಿ ಹೋಲಿಸಿ ನೋಡ್ತೀಯ, ನೀನೇ ಬರೆದ ಗಂಟೆ ನೋಡಲಿಲ್ವಲ್ಲ. ಮಂಗಳವಾರ ಹತ್ತೂಕಾಲಿಗೆ ನಾನು ಎಲ್ಲಿರ್ತೀನಿ? ಎಂಟೂಕಾಲಿನ ಬಸ್ಸಿಗೆ ಹೋಗಿ ಒಂಬತ್ತಕ್ಕೆ ಗೇಟಲ್ಲಿ ಬೆರಳು ಒತ್ತಿ ಒಳಗೆ ಹೋದರೆ ಆಚೆ ಬರೋದು ಸಂಜೆ. ಅಪ್ಪ ಹತ್ತು ಗಂಟೆಗೆ ಮದ್ದೂರಿಗೆ ಹೋಗಿ ಹಳೇ ಸ್ನೇಹಿತರ ಜೊತೆ ಕೂತರೆ ಊಟದ ಹೊತ್ತಿಗೇ ಬರೋದು. ಅತ್ತಿಗೆ ಕ್ಲಾಸಲ್ಲಿರ್ತಾರೆ, ನೀನು ಕೌಂಟರಲ್ಲಿರ್ತೀಯ. ಆ ಹೊತ್ತಲ್ಲಿ ಈ ಮನೇಲಿ ಯಾರಿರ್ತಾರೆ ಅಣ್ಣ? ಆ ಲ್ಯಾಪ್‌ಟಾಪಿಗೆ ಕಸೂತಿ ಬಟ್ಟೆ ಹೊದಿಸಿ ದಿನಾ ಧೂಳು ಒರೆಸೋದು ಯಾರು? ಊರು ಎಷ್ಟು ದೂರ ಅಂತ ಕೇಳೋಕೆ ಮಳವಳ್ಳಿಯಿಂದ ಅಳತೆ ಶುರುಮಾಡೋರು ಇನ್ಯಾರಿದಾರೆ? ಅವ್ವ ಒಬ್ಬಳೇ ಹೋಗಿರೋ ದೂರದ ಊರು ಅದೊಂದೇ, ತವರಿಗೆ.

ನಿನ್ನ ಕಾಗದ ಓದಿ ಅಡುಗೆಮನೆಗೆ ಹೋದೆ. ಅವ್ವ ಅವರೆಕಾಳು ಆರಿಸ್ತಿದ್ದಳು. ಒಂದೊಂದೇ ಸಾಲು ಗಟ್ಟಿಯಾಗಿ ಓದಿದೆ. ಮೂರನೇ ಸಾಲಿಗೆ ಕೈ ನಿಂತು ಮೊರ ಕೆಳಗಿಟ್ಟಳು.

"ಅದ್ನೆಲ್ಲ ಕೇಳ್ದೋಳು ನಾನು ಕಣೆ," ಅಂದಳು. "ಅದು ರವಿಗೆ ಎಂಗೆ ಗೊತ್ತಾಯ್ತು?"

ಎಂಗೆ ಗೊತ್ತಾಯ್ತು ಅಂತ ಹೇಳಿದೆ. ಅವಳಿಗೆ ಅರ್ಥ ಆಗೋಕೆ ಸ್ವಲ್ಪ ಹೊತ್ತು ಬೇಕಾಯ್ತು. ಒಬ್ಬಳೇ ಇರುವಾಗ ಕೇಳಿದ್ದು ಇನ್ನೊಬ್ಬರಿಗೆ ಹೋಗುತ್ತೆ ಅಂತ ಅವಳು ಕನಸಲ್ಲೂ ಎಣಿಸಿರಲಿಲ್ಲ. ಮೈಕ್ ಒತ್ತಿ ಮಾತಾಡೋದು ಯಾರು ಕಲಿಸಿದ್ರು ಗೊತ್ತಾ? ನೀನು. ದೀಪಾವಳಿಗೆ ಬಂದಾಗ, ಬಾರವ್ವ ತಮಾಷೆ ನೋಡು ಅಂತ ಕೂರಿಸಿ, ನಮ್ಮವ್ವ ಸೋಮಮ್ಮ ಎಲ್ಲಿದಾಳೆ ಅಂತ ಅದನ್ನ ಕೇಳಿ ನಕ್ಕು ಎದ್ದುಹೋದೆ. ನೀನು ಮರೆತೆ, ಅವಳು ಮರೀಲಿಲ್ಲ. ಲ್ಯಾಪ್‌ಟಾಪ್ ತೆಗೆದರೆ ಕ್ರೋಮಿನ ಬಣ್ಣದ ಬಿಲ್ಲೆ ತಾನಾಗೇ ಬರುತ್ತೆ, ಮೈಕ್ ಚಿತ್ರ ಒತ್ತೋದು, ಕೇಳೋದು. ಯಾಕವ್ವ ನಮ್ಮನ್ನ ಕೇಳಲಿಲ್ಲ ಅಂದೆ. ಅಪ್ಪ ಬಯ್ತಾರೆ, ನೀನು ಮೀಟಿಂಗ್ ಅಂತೀಯ, ನಾನು ಸುಸ್ತು ಅಂತೀನಂತೆ. ಅದು ಬಯ್ಯದೆ ಹೇಳುತ್ತಂತೆ.

ಗಂಡಸರ ವಿಷಯ ಯಾಕೆ ಕೇಳಿದೆ ಅಂದರೆ, ಮಗಳನ್ನ ಅಷ್ಟು ದೂರ ಕಳಿಸುವಾಗ ಅಲ್ಲಿಯವರು ಎಂಥವರು ಅಂತ ತಿಳೀಬೇಡ್ವಾ ಅಂದಳು. ಅಪ್ಪ ನೋಡೋಣ ಅಂದ್ರೆ ಬೇಡ ಅಂತ ಅರ್ಥ, ನಲವತ್ತು ವರ್ಷದಿಂದ ಗೊತ್ತು, ಅದಕ್ಕೆ ಪೊಲೀಸರ ವಿಷಯ ಮೊದಲೇ ವಿಚಾರಿಸಿಕೊಂಡಳಂತೆ. ಅಪ್ಪ ಒಪ್ಪದೇ ಹೋದ್ರೂ ನನ್ನನ್ನ ರೈಲು ಹತ್ತಿಸಬೇಕು ಅಂತಿದ್ದಳು ಅಣ್ಣ. ನನಗೆ ದಾರಿ ಮಾಡೋಕೆ ಅವಳು ಕೇಳಿದ ಮಾತನ್ನೇ ನೀನು ನನ್ನ ಕಾಲಿಗೆ ಕಟ್ಟಿದೆ. ಮೂರು ವಾರದಿಂದ ಈ ಮನೇಲಿ ಇಷ್ಟು ರಂಪ ಆಗ್ತಿದೆ, ನೀನೂ ಅಪ್ಪನೂ ನಾನೂ ಕಿತ್ತಾಡಿದ್ವಿ, ಒಬ್ಬರೂ ಅವಳನ್ನ ಒಂದು ಮಾತು ಕೇಳಲಿಲ್ಲ. ನಾನೂ ಕೇಳಲಿಲ್ಲ. ಅದಕ್ಕೆ ನನಗೆ ನನ್ನ ಮೇಲೇ ಸಿಟ್ಟು.

ಇನ್ನೊಂದು. ನಿಮ್ಮದು ಅಂತ ಗೆರೆ ಎಳೆದು ಹೊಡೆದಿದ್ದೀಯಲ್ಲ, ಯಾದಗಿರಿ ಬಿಸಿಲು. ಯಾದಗಿರೀಲೇ ಇದ್ದು ಬಿಸಿಲು ಎಷ್ಟು ಅಂತ ಯಾರು ಕೇಳ್ತಾರೆ? ಅತ್ತಿಗೆ ಕಿಟಕಿ ತೆಗೆದು ನೋಡಲ್ವಾ? ಅದನ್ನೂ ಅವ್ವಾನೇ ಕೇಳೋದು. ದಿನಾ, ಕಸ ಗುಡಿಸಿ ಆದ ಮೇಲೆ, ಎಲ್ಲಕ್ಕೂ ಮೊದಲು.

ವನಜಾ


ಯಾದಗಿರಿ
28 ಏಪ್ರಿಲ್ 2025

ವನಜಾ,

ನಿನ್ನ ಕಾಗದ ಬಂದ ದಿನವೇ ಅಪ್ಪನಿಗೆ ಫೋನ್ ಮಾಡಿದೆ. ನಿನಗೆ ಗೊತ್ತಾಗಿರುತ್ತೆ. ನಂದೇ ತಪ್ಪು, ವನಜಾ ಏನೂ ಹುಡುಕಿಲ್ಲ ಅಂತ ಬಿಡಿಸಿ ಹೇಳಿದೆ. ಅಪ್ಪ ಕೇಳಿಸ್ಕೊಂಡು, "ಅವತ್ತು ಅಂಗಂದೆ, ಇವತ್ತು ಇಂಗಂತೀಯ. ನಾನು ಯಾವ್ದುನ್ನ ನಂಬ್ಲಿ?" ಅಂದರು. ಅವ್ವ ಅಂತ ನಾನು ಹೇಳಲಿಲ್ಲ. ಹೇಳಿದರೆ ಅವಳಿಗೆ ಬಯ್ಯುತ್ತಾರೆ ಅಂತ ಭಯವಾಯ್ತು. ಕೊನೆಗೆ ಅಪ್ಪ ಫೋನ್ ಇಟ್ಟುಬಿಟ್ಟರು. ಬೆಂಕಿ ಹಚ್ಚೋಕೆ ಐದು ನಿಮಿಷ ಸಾಕಾಯ್ತು, ಆರಿಸೋಕೆ ಒಂದು ಗಂಟೆ ಮಾತಾಡಿದರೂ ಆಗಲಿಲ್ಲ.

ಹೊಡೆದುಹಾಕಿದ ಸಾಲುಗಳನ್ನ ಮತ್ತೆ ತೆಗೆದು ಎಣಿಸಿದೆ. ಜನವರಿಯಿಂದ ನೂರ ಹನ್ನೆರಡು. ಅಷ್ಟು ದಿನ ನಾನು ಎಷ್ಟು ಸಲ ಫೋನ್ ಮಾಡಿದೆ ಅಂತ ಅದನ್ನೂ ನೋಡಿದೆ. ಬರೆಯೋಕೆ ನಾಚಿಕೆ ಆಗುತ್ತೆ. ಈ ಊರಿನ ಬಿಸಿಲಿನ ಬಗ್ಗೆ ನಾನು ಅವ್ವನಿಗೆ ಒಂದು ದಿನವೂ ಹೇಳಿಲ್ಲ ವನಜಾ. ನಿನಗೆ ಬರೆದಿದ್ದೆ ಅಷ್ಟೆ.

ಆಗಿದ್ದು ಆಯ್ತು. ಇನ್ನು ಮುಂದೆ ಹೀಗಾಗಬಾರದು ಅಂತ ಒಂದು ಏರ್ಪಾಡು ಯೋಚನೆ ಮಾಡಿದ್ದೇನೆ. ಒಬ್ಬೊಬ್ಬರಿಗೂ ಬೇರೆ ಮೇಲ್ ಮಾಡಿಬಿಡೋಣ. ಅವ್ವನಿಗೂ ಒಂದು. ಅವಳಿಗೆ ನಿನ್ನ ಫೈರ್‌ಫಾಕ್ಸೇ ಬೇಕಾದರೆ ಅದೇ ಇರಲಿ. ಪಾಸ್‌ವರ್ಡ್ ಅವಳು ಮರೆತುಬಿಡ್ತಾಳೆ, ಅದಕ್ಕೆ ಅದನ್ನ ನಾನು ಇಲ್ಲಿ ಬರೆದಿಟ್ಟುಕೊಳ್ಳುತ್ತೇನೆ. ನಿನ್ನದೂ ಕಳಿಸು, ತುರ್ತಿಗೆ ಇರಲಿ.

ಮೂವತ್ತಕ್ಕೆ ಏನಾಯ್ತು ಬರಿ. ನನ್ನಿಂದ ನಿನ್ನ ಅವಕಾಶ ಹೋದರೆ ನಾನು ಆ ಮನೆಗೆ ಯಾವ ಮುಖ ಇಟ್ಕೊಂಡು ಬರಲಿ.

ಅಣ್ಣ


ನಿಡಘಟ್ಟ
4 ಮೇ 2025

ಅಣ್ಣ,

ಇಪ್ಪತ್ತೊಂಬತ್ತನೇ ತಾರೀಕು ಸಂಜೆ ಅಪ್ಪ ಜಗಲಿ ಮೇಲೆ ಕೂತಿದ್ದರು. ಚಿಕ್ಕಣ್ಣ ಮಾವ ಬೇರೆ ಬಂದಿದ್ದರು. ಅವ್ವ ಸೆರಗಲ್ಲಿ ಕೈ ಒರೆಸ್ಕೊಂಡು ಹೋಗಿ ಎದುರಿಗೆ ನಿಂತಳು. ಅದ್ನೆಲ್ಲ ಕೇಳ್ದೋಳು ನಾನು, ಇವಳಲ್ಲ ಅಂದಳು. ಅಪ್ಪ ನಗೋಕೆ ಹೋದರು, ನಿಂಗೆ ಅದೆಲ್ಲ ಎಲ್ ಬತ್ತದೆ ಅಂದರು. ಅವ್ವ ಒಳಗಿಂದ ಲ್ಯಾಪ್‌ಟಾಪ್ ತಂದು ಅವರ ಮುಂದೇನೇ ಮೈಕ್ ಒತ್ತಿ, ಮಾತಿಗೆ ತಪ್ಪೋ ಗಂಡನ್ನ ಏನ್ ಮಾಡಬೇಕು ಅಂತ ಕೇಳಿದಳು. ಚಿಕ್ಕಣ್ಣ ಮಾವ ಎದ್ದು ಚಪ್ಪಲಿ ಹುಡುಕಿಕೊಂಡರು.

ಆಮೇಲೆ ಅವಳು ಆಡಿದ ಮಾತು ನಾನು ಸಾಯೋವರೆಗೂ ಮರೆಯಲ್ಲ.

"ಅವತ್ತು ಶಾಮಿಯಾನದಲ್ಲಿ ಮುಂದ್ಗಡೆ ಕುಂತು ನಿಮ್ಗೆ ಚಪ್ಪಾಳೆ ತಟ್ಟಿದ್ದೆ. ಇವಳನ್ನ ಕಳಿಸಕ್ಕಾಗಲ್ಲ ಅಂದ್ರೆ ನನ್ ಚಪ್ಪಾಳೆ ನಂಗೆ ವಾಪಸ್ ಕೊಡಿ."

ಅಪ್ಪ ಎದ್ದು ಬೀದಿ ಕಡೆ ಹೋದರು. ಊಟಕ್ಕೂ ಬರಲಿಲ್ಲ. ಮಾರನೆ ಬೆಳಗ್ಗೆ ನಾನು ಅವರನ್ನ ಕೇಳದೇ ಒಪ್ಪಿಗೆ ಕಾಗದಕ್ಕೆ ಸಹಿ ಹಾಕಿ ಫ್ಯಾಕ್ಟರೀಲಿ ಕೊಟ್ಟೆ. ಸಂಜೆ ಬಂದಾಗ ನನ್ನ ಮಂಚದ ಮೇಲೆ ಒಂದು ಸರಪಳಿ, ಬೀಗ ಇತ್ತು. ರೈಲಲ್ಲಿ ಸೂಟ್‌ಕೇಸನ್ನ ಸೀಟಿನ ಕಾಲಿಗೆ ಕಟ್ಟೋದು. ಮದ್ದೂರಿಂದ ಅಪ್ಪ ತಂದಿದ್ದರು. ಹೋಗು ಅಂತ ಇವತ್ತಿಗೂ ಬಾಯಿ ಬಿಟ್ಟು ಹೇಳಿಲ್ಲ. ಬೀಗದ ಎರಡು ಕೀಲಿಕೈಯನ್ನೂ ನನಗೇ ಕೊಟ್ಟರು, ಅದನ್ನ ನೀನು ಗಮನಿಸಬೇಕು.

ಹತ್ತನೇ ತಾರೀಕು ಹೊರಡ್ತೀನಿ. ನನ್ನ ಪಾಸ್‌ವರ್ಡ್ ಕಳಿಸಲ್ಲ. ತುರ್ತು ಬಂದ್ರೆ ಫೋನ್ ಮಾಡು, ಎತ್ಕೊಂಡು ಮಾತಾಡ್ತೀನಿ. ನಿನ್ನ ಮೇಲಿನ ಸಿಟ್ಟು ಪೂರ್ತಿ ಹೋಗಿಲ್ಲ, ಹೋದಾಗ ತಿಳಿಸ್ತೀನಿ. ಉಳಿದ ಹಾಳೇಲಿ ಅವ್ವ ಬರೀತಾಳಂತೆ. ನಾಲ್ಕನೇ ಕ್ಲಾಸಿನ ಅಕ್ಷರ, ನಿಧಾನಕ್ಕೆ ಓದು.

ವನಜಾ

ಮಗ ರವಿಗೆ ಅವ್ವ ಮಾಡೋ ಆಸೀರ್ವಾದ. ಸುನಿತಂಗೂ.

ನಿಂಗೆ ಬಯ್ಬೇಕು ಅಂತ್ಲೇ ಕುಂತೆ. ನನ್ ಮಗಳ ಮೇಲೆ ಅಂಗೆಲ್ಲ ಎಂಗಪ್ಪ ಅಂದ್ಕಂಡೆ ನೀನು. ಅವಳು ನನ್ ಎದುರಿಗೆ ಬೆಳ್ದೋಳು. ಮುದ್ದೆ ಸಿಗ್ತದಾ ಅಂತ ಕೇಳ್ದೋಳು ನಿಮ್ಮವ್ವ ಅಂತ ತಿಳೀಲಿಲ್ವಾ ನಿಂಗೆ. ನನ್ ಕೈಲೇ ತಿಂದ್ಕಂಡು ಬೆಳ್ದೆ.

ಐದು ಸೇರು ರಾಗಿ ಉರಿದು ಬೀಸಿಸಿವ್ನಿ. ಮೂರ್ ತಿಂಗಳು ಏನೂ ಆಗಲ್ವಂತೆ. ಅವಳಿಗೆ ಕಟ್ಟಿಕೊಡ್ತೀನಿ.

ವನಜಾ ನಂಗೂ ಅವಳ್ದೇ ಆ ನರಿ ಚಿತ್ರದ್ ಪೈರ್ಪಾಕ್ಸು ಹಾಕ್ಕೊಟ್ಟವ್ಳೆ. ಬೇರೆ ಮೇಲೂ ಮಾಡ್ಕೊಟ್ಟವ್ಳೆ. ಪಾಸ್ವರ್ಡು ನಾನೇ ಮನಸಲ್ಲಿ ಮಡಿಕಂಡಿವ್ನಿ, ಅವಳಿಗೂ ಏಳಿಲ್ಲ. ನೀನು ಬರ್ದು ಇಟ್ಕಳೋದು ಏನೂ ಬ್ಯಾಡ. ಮರ್ತೋದ್ರೆ ಮರ್ತೋಗ್ಲಿ, ನಂದು ತಾನೆ.

ಯಾದಗಿರಿ ಬಿಸ್ಲು ಎಷ್ಟು ಅಂತ ಇನ್ಮೇಲೆ ಅದ್ನ ಕೇಳಲ್ಲ ನಾನು. ಬೆಳಿಗ್ಗೆ ಹತ್ತು ಗಂಟೆಗೆ ಕಸ ಗುಡ್ಸಿ ಕುಂತಿರ್ತೀನಿ. ನೀನೇ ಪೋನ್ ಮಾಡಿ ಏಳು.

ಸೋಮಮ್ಮ